ಹನ್ನೆರಡು ಕಿಲೋ ಬ್ಯಾಗು, ನಲವತ್ತೊಂದು ಕಿಲೋ ಅತ್ತೆ

ನಾನು ಗಾಜಿನ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸದವಳು. ಹನ್ನೊಂದು ವರ್ಷದಿಂದ ಲೋಟ, ಹೂಜಿ, ಕನ್ನಡಿ, ಯಾರದೋ ಮನೆಯ ಷೋಕೇಸಿಗೆ ಹೋಗುವ ಗಾಜಿನ ಕುದುರೆ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಕಳಿಸಿದ್ದೇನೆ. ನಾನು ಕಟ್ಟಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು. ಅದೇ ನನ್ನ ಮರ್ಯಾದೆ. ಹಾಗಾಗಿ ನಮ್ಮ ಕಟ್ಟಡದ ಸಂಘದವರು ಪ್ರತಿ ಬಾಗಿಲಿಗೂ ‘ವಿಪತ್ತಿನ ಬ್ಯಾಗು ಕಡ್ಡಾಯ’ ಎಂದು ನೋಟೀಸು ಅಂಟಿಸಿದಾಗ ಉಳಿದವರೆಲ್ಲ ತಲೆ ಕೆರೆದುಕೊಂಡರೆ ನಾನು ಒಳಗೊಳಗೇ ಹಿಗ್ಗಿದೆ. ನನ್ನ ಕಸುಬು ನನ್ನ ಮನೆಗೇ ಉಪಯೋಗಕ್ಕೆ ಬರುವ ಕಾಲ ಬಂತಲ್ಲ!

ನೋಟೀಸಿನ ಪ್ರಕಾರ ಬೆಂಕಿ, ಭೂಕಂಪ, ಪ್ರವಾಹ, ಬಿರುಗಾಳಿ ಮತ್ತು ‘ಇತರೆ’ ಬಂದಾಗ ಪ್ರತಿ ಮನೆಯವರೂ ಮೂವತ್ತೊಂದು ಸಾಮಾನುಗಳ ಒಂದು ಬ್ಯಾಗು ಹಿಡಿದು, ನಾಲ್ಕು ನಿಮಿಷದೊಳಗೆ ಮೆಟ್ಟಿಲಿಳಿದು, ಗೇಟಿನ ಬಳಿ ಸಾಲಾಗಿ ನಿಲ್ಲಬೇಕು. ತಿಂಗಳ ಕೊನೆಯ ಭಾನುವಾರ ತಾಲೀಮು. ನಮ್ಮ ಕಟ್ಟಡಕ್ಕೆ ಮೂರು ಮೆಟ್ಟಿಲುದಾರಿ. ಯಾವ ದಾರಿಯ ಎಲ್ಲ ಮನೆಗಳೂ ಪಾಸಾಗುತ್ತವೋ ಅದಕ್ಕೆ ಹಸಿರು ಫಲಕ. ಒಂದು ಮನೆ ಫೇಲಾದರೂ ಇಡೀ ಮೆಟ್ಟಿಲಿಗೆ ಕೆಂಪು.

ಲಿಫ್ಟಿನ ಬಗ್ಗೆ ಒಂದೇ ಸಾಲಿತ್ತು: ‘ವಿಪತ್ತಿನ ವೇಳೆ ಲಿಫ್ಟ್ ಬಳಸತಕ್ಕದ್ದಲ್ಲ.’ ಈ ನಿಯಮವನ್ನು ನಾವು ಹದಿನಾಲ್ಕು ತಿಂಗಳಿಂದ ಚಾಚೂ ತಪ್ಪದೆ ಪಾಲಿಸುತ್ತಿದ್ದೆವು. ಲಿಫ್ಟು ಕೆಟ್ಟು ಅಷ್ಟು ದಿನವಾಗಿತ್ತು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ನಮ್ಮವರು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಊರವರ ಲಿಫ್ಟು ರಿಪೇರಿ ಮಾಡಿ, ಸಂಜೆ ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ ಮನೆಗೆ ಬರುತ್ತಾರೆ. “ಬರೀ ಕೆಳಗಿನ ಬಾಗಿಲಿನ ಲಾಕು ಕಣೇ, ಅರ್ಧ ಗಂಟೆ ಕೆಲಸ” ಎಂದು ದಿನಕ್ಕೊಂದು ಸಲ ಹೇಳುತ್ತಾರೆ. ಆದರೆ ನಮ್ಮ ಲಿಫ್ಟು ಬೇರೆ ಕಂಪನಿಯದು. ಹೊರಗಿನವರು ಕೈ ಹಾಕಿದರೆ ಕರಾರು ಮುರಿಯುತ್ತದೆ ಎಂದು ಸಂಘದವರು ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಕರಾರಿನ ಕಂಪನಿಯವರು ಇತ್ತ ತಲೆ ಹಾಕಿಲ್ಲ. ಲಿಫ್ಟು ಕೆಟ್ಟರೂ ಕರಾರು ಮಾತ್ರ ಗಟ್ಟಿಮುಟ್ಟಾಗಿದೆ.

ಆ ಹದಿನಾಲ್ಕು ತಿಂಗಳೂ ಅತ್ತೆ ನೆಲ ಮುಟ್ಟಿಲ್ಲ. ಅವರಿಗೆ ಎಪ್ಪತ್ತಾರು. ಎರಡೂ ಮಂಡಿ ಸವೆದಿವೆ. ಸಮತಟ್ಟಾದ ಕಡೆ ಕೋಲು ಹಿಡಿದು ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಇಡೀ ದಿನ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೆಳಗೆ ನೋಡುತ್ತಾರೆ. ಮೇಲಿನಿಂದ ನೋಡಿ ನೋಡಿ, ಜನರನ್ನು ನೆತ್ತಿಯಿಂದಲೇ ಗುರುತು ಹಿಡಿಯುವಷ್ಟು ಪಳಗಿದ್ದಾರೆ.

“ಅಗೋ, ಸೀಟಿ ಮೇಷ್ಟ್ರು ಬಂದ್ರು. ನೆತ್ತಿ ಸಿಪ್ಪೆ ಏಳ್ತಿದೆ, ಪಾಪ. ಒಂದು ಟೋಪಿ ಹಾಕ್ಕೊಳ್ಳೋಕೇನು?”

ಸೀಟಿ ಮೇಷ್ಟ್ರು ಎಂದರೆ ಮೊದಲನೇ ಮಹಡಿಯ ನಿವೃತ್ತ ಡ್ರಿಲ್ ಮಾಸ್ತರು, ಈಗ ನಮ್ಮ ಮೆಟ್ಟಿಲಿನ ವಿಪತ್ತು ಉಸ್ತುವಾರಿ. ನಿವೃತ್ತಿಯ ದಿನ ಶಾಲೆಯ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಬಂದವರು, ಊದಲು ಒಂದು ಕಾರಣಕ್ಕಾಗಿ ಒಂಬತ್ತು ವರ್ಷ ಕಾದಿದ್ದರು.

ನಾನು ಮೊದಲ ಭಾನುವಾರವೇ ಬ್ಯಾಗು ಕಟ್ಟಿದೆ. ಟಾರ್ಚು, ಹಗ್ಗ, ಕತ್ತರಿ, ಗಾಯದ ಪಟ್ಟಿ, ಬಿಸ್ಕತ್ತು, ನೀರು, ಔಷಧಿ, ಕಾಗದಪತ್ರ, ಸ್ಕ್ರೂಡ್ರೈವರು, ಸ್ಪ್ಯಾನರು... ಇವನ್ನೆಲ್ಲ ಒಟ್ಟು ಹಾಕಲು ಮನೆಯನ್ನೇ ತಲೆಕೆಳಗು ಮಾಡಬೇಕಾಯಿತು. ಹುಡುಕಿದಾಗ ಯಾವುದೂ ಸಿಗದ ಮನೆ ನಮ್ಮದು. ಕೊನೆಗೆ ಬಾಗಿಲ ಪಕ್ಕದ ಮೊಳೆಗೆ ಬ್ಯಾಗು ನೇತುಹಾಕಿ, ಅಬ್ಬಾ ಎಂದು ಕೂತೆ.

ತೊಂದರೆ ಶುರುವಾದದ್ದೇ ಅಲ್ಲಿಂದ. ಟಾರ್ಚು ಎಲ್ಲಿದೆ, ಕತ್ತರಿ ಎಲ್ಲಿದೆ ಎಂದು ಮನೆಯವರಿಗೆಲ್ಲ ಮೊಟ್ಟಮೊದಲ ಬಾರಿಗೆ ಗೊತ್ತಾಯಿತು. ಸೋಮವಾರ ಮಗಳು ಶಾಲೆಯ ಚಾರ್ಟಿಗೆಂದು ಕತ್ತರಿ ತೆಗೆದಳು. ಮಂಗಳವಾರ ನಮ್ಮವರು ಟಾರ್ಚಿನ ಸೆಲ್ಲನ್ನು ಟೀವಿ ರಿಮೋಟಿಗೆ ಹಾಕಿದರು. ಬುಧವಾರ ಬಟ್ಟೆ ಒಣಹಾಕಲು ಹಗ್ಗ ಹೋಯಿತು, ಕೈ ಕುಯ್ದುಕೊಂಡು ಬಂದ ನಾನೇ ಗಾಯದ ಪಟ್ಟಿ ತೆಗೆದೆ. ಬಿಸ್ಕತ್ತು ಯಾವಾಗ ಹೋಯಿತೋ ಯಾರೂ ಒಪ್ಪಿಕೊಳ್ಳಲಿಲ್ಲ. ವಿಪತ್ತಿಗೆಂದು ಇಟ್ಟದ್ದು ವಾರದ ನಡುವಿಗೇ ಖಾಲಿ. ನಮ್ಮ ಮನೆಯಲ್ಲಿ ಬುಧವಾರವೂ ‘ಇತರೆ’ಗೇ ಸೇರುತ್ತದೆ.

“ಅಮ್ಮಾ, ಬ್ಯಾಗು ಅಂದ್ರೆ ಹಿಂಗಿರ್ಬೇಕು! ಎಲ್ಲಾ ಒಂದೇ ಕಡೆ ಸಿಗುತ್ತೆ” ಎಂದಳು ಹದಿಮೂರರ ಮಗಳು.

“ನಿಮ್ಮನ್ನೆಲ್ಲಾ ಕಟ್ಟಿ ಹಾಕ್ತೀನಿ, ತಾಳಿ” ಎಂದು ನಾನು ಗೋದಾಮಿನ ವರಸೆ ತೋರಿಸಿದೆ. ಎಲ್ಲವನ್ನೂ ಮತ್ತೆ ಕೂಡಿಸಿ, ಭಾರದ್ದು ತಳಕ್ಕೆ, ಗಾಜು ನಡುವಿಗೆ, ಸಂದಿಗೆಲ್ಲ ಬಟ್ಟೆ ತುರುಕಿ, ಜಿಪ್ಪು ಎಳೆದು, ಮೇಲಿಂದ ಅಗಲ ಟೇಪನ್ನು ಉದ್ದಕ್ಕೆ ಮೂರು ಸುತ್ತು, ಅಡ್ಡಕ್ಕೆ ಮೂರು ಸುತ್ತು ಬಿಗಿದೆ. ‘ಈ ಬದಿ ಮೇಲೆ’ ಎಂದು ಬಾಣದ ಗುರುತೂ ಹಾಕಿದೆ. ಅಲ್ಲಾಡಿಸಿದರೆ ಸದ್ದಿಲ್ಲ. ನನ್ನ ಟೇಪನ್ನು ಕತ್ತರಿಯಿಲ್ಲದೆ ಬಿಚ್ಚಿದವರು ಇಲ್ಲಿಯವರೆಗೆ ಯಾರೂ ಇಲ್ಲ. ಕತ್ತರಿ ಎಲ್ಲಿದೆ ಎಂಬ ಯೋಚನೆ ನನಗೆ ಆಗ ಬರಲಿಲ್ಲ.

ಶನಿವಾರ ಸೀಟಿ ಮೇಷ್ಟ್ರು ಒಂದು ಕೊಕ್ಕೆ ತಕ್ಕಡಿ, ಒಂದು ರಟ್ಟಿನ ಫೈಲು ಹಿಡಿದು ಬಂದರು. ಬ್ಯಾಗನ್ನು ತೂಗಿ ಮುಖ ಸಿಂಡರಿಸಿದರು.

“ಒಂಬತ್ತು ಮುಕ್ಕಾಲು. ಹನ್ನೆರಡು ಇರ್ಬೇಕಮ್ಮ.”

“ಮೂವತ್ತೊಂದೂ ಇದೆ ಮೇಷ್ಟ್ರೇ. ನಾನು ಜಾಗ ಉಳಿಸಿ ಕಟ್ಟಿದೀನಿ.”

“ಬಿಚ್ಚಿ ನೋಡ್ತಾ ಕೂತ್ರೆ ಇಪ್ಪತ್ನಾಲ್ಕು ಮನೆ ಯಾವಾಗ ಮುಗಿಸ್ಲಿ? ಅದಕ್ಕೇ ತೂಕದ ಮೇಲೆ ಪಾಸು ಮಾಡ್ತಿರೋದು. ಹನ್ನೆರಡು ಬಂದ್ರೆ ಎಲ್ಲಾ ಇದೆ ಅಂತ ಅರ್ಥ.”

“ಎಲ್ಲಾ ಇದ್ದೂ ಬರದಿದ್ರೆ?”

“ಎಲ್ಲಾ ಇಲ್ಲ ಅಂತ ಅರ್ಥ.”

ಇಂಥ ಮಾತಿಗೆ ನಮ್ಮವರು ಎದುರಾಡುವುದಿಲ್ಲ. ಕೆಲಸದ ಚೀಲದಿಂದ ಲಿಫ್ಟಿನ ಹಳೆಯ ಕಬ್ಬಿಣದ ತುಂಡೊಂದನ್ನು ತಂದು, ಬ್ಯಾಗಿನ ಹೊರಜೇಬಿಗೆ ಇಳಿಸಿದರು. ಮುಳ್ಳು ಹನ್ನೆರಡಕ್ಕೆ ಬಂತು. ಮೇಷ್ಟ್ರ ಮುಖ ಅರಳಿತು. ಜೇಬಿನ ಮೇಲೂ ಬ್ಯಾಗಿನ ಮೇಲೂ ಸೇರಿಸಿ ಸಂಘದ ಸೀಲಿನ ಕಾಗದ ಅಂಟಿಸಿ ಸಹಿ ಹಾಕಿದರು. ಇನ್ನು ತಾಲೀಮು ಮುಗಿಯುವವರೆಗೆ ಸೀಲು ಒಡೆದರೆ ಫೇಲು.

ಆಮೇಲೆ ಫೈಲು ತೆರೆದು, “ಮನೆಯಲ್ಲಿ ನಾಲ್ಕು ಜನ” ಎಂದರು. ಬಾಲ್ಕನಿಯ ಕಡೆ ನೋಡಿ ದನಿ ತಗ್ಗಿಸಿದರು. ನಲವತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು, ತಗ್ಗಿಸಿದರೂ ಎದುರುಮನೆಗೆ ಕೇಳುತ್ತಿತ್ತು. “ಅಜ್ಜಿಯವರು ನಾಲ್ಕು ನಿಮಿಷಕ್ಕೆ ಇಳೀತಾರಾ?”

“ನಾಲ್ಕು ದಿನಕ್ಕೂ ಇಳಿಯಲ್ಲ. ಲಿಫ್ಟು ಸರಿ ಮಾಡ್ಸಿ ಅಂತ...” ಎಂದು ನಮ್ಮವರು ಶುರು ಮಾಡಿದರು.

“ವಿಪತ್ತಲ್ಲಿ ಲಿಫ್ಟು ಬಳಸೋ ಹಾಗಿಲ್ಲ. ಅದು ಬೇರೆ ವಿಷಯ, ಬೇರೆ ಸಮಿತಿ. ನೋಡಿ, ನಿಮ್ಮೊಬ್ರಿಂದ ಇಪ್ಪತ್ತಮೂರು ಮನೆಗೆ ಕೆಂಪು ಫಲಕ ಬರ್ಬಾರ್ದು. ಒಂದು ದಾರಿ ಇದೆ. ಅಜ್ಜಿಯವರನ್ನ ‘ಎರಡನೇ ಸುತ್ತು’ ಅಂತ ಬರ್ಕೊಂಡುಬಿಡ್ತೀನಿ. ಆಗ ಅವ್ರು ನಾಲ್ಕು ನಿಮಿಷದ ಲೆಕ್ಕಕ್ಕೆ ಬರಲ್ಲ.”

“ಎರಡನೇ ಸುತ್ತಲ್ಲಿ ಯಾರು ಬಂದು ಕರ್ಕೊಂಡು ಹೋಗ್ತಾರೆ?” ಎಂದು ಕೇಳಿದೆ.

“ಅದಿನ್ನೂ ತೀರ್ಮಾನ ಆಗಿಲ್ಲ.”

ಮೇಷ್ಟ್ರು ನಮ್ಮವರ ಕೈಗೆ ಪೆನ್ನು ಕೊಟ್ಟರು. ಹೊರಗೆ ಮೆಟ್ಟಿಲ ಮೇಲೆ ಮೂರನೇ ಮಹಡಿಯವರು ತಮ್ಮ ಸರದಿಗೆ ಕಾಯುತ್ತ ಇಣುಕುತ್ತಿದ್ದರು. ನಮ್ಮವರು ಸಹಿ ಹಾಕಿದರು. ಅದರ ಕೆಳಗೆ ನಾನೂ ಹಾಕಿದೆ. ಒಲೆಯ ಮೇಲೆ ಹಾಲಿತ್ತು, ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ಕಾರಣ ಬೇಕೆಂದರೆ ಇನ್ನೂ ಹತ್ತು ಕೊಡಬಲ್ಲೆ.

ಅವತ್ತು ಊಟಕ್ಕೆ ಕೂತಾಗ ಅತ್ತೆ ಬಲು ಸಲೀಸಾಗಿ ಕೇಳಿದರು: “ಎರಡನೇ ಸುತ್ತು ಎಷ್ಟೊತ್ತಿಗಂತೆ?”

ನಮ್ಮವರು ಸಾರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡರು.

“ಅಲ್ಲ, ತಯಾರಾಗಿ ಕೂತಿರ್ಬೇಕಲ್ಲ, ಅದಕ್ಕೆ ಕೇಳ್ದೆ. ತಲೆ ಬಾಚ್ಕೊಂಡಿರ್ತೀನಿ.”

“ಅಮ್ಮಾ, ಅದು ಬರೀ ಕಾಗದದ ಮೇಲೆ. ನಿಜವಾಗ್ಲೂ ಏನಾದ್ರೂ ಆದ್ರೆ ನಿನ್ನ ಬಿಟ್ಟು ಹೋಗ್ತೀವಾ?” ಎಂದರು ನಮ್ಮವರು.

“ಬಿಡೋ, ನಾನೇನಂದೆ? ಬ್ಯಾಗು ಹನ್ನೆರಡು ಕಿಲೋ, ನಾನು ನಲವತ್ತೊಂದು. ತೂಕ ಜಾಸ್ತಿ ಆಯ್ತು ಅಷ್ಟೆ” ಎಂದು ಅತ್ತೆ ನಕ್ಕು, ಮೊಸರು ಕೇಳಿದರು.

ಸೋಮವಾರ ಸಂಜೆ ನಾನು ಕೆಲಸದಿಂದ ಬಂದಾಗ ಅತ್ತೆ ಬ್ಯಾಗಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿ ತೋರಿಸಿದರು. ಅವರ ಹೊರಗೆ ಹೋಗುವ ಚಪ್ಪಲಿ. ಹದಿನಾಲ್ಕು ತಿಂಗಳಿಂದ ಅಟ್ಟದ ಮೇಲಿದ್ದದ್ದನ್ನು ಮೊಮ್ಮಗಳ ಕೈಯಲ್ಲಿ ಇಳಿಸಿ, ಒರೆಸಿ, ಪಟ್ಟಿಗೆ ಎಣ್ಣೆ ಹಚ್ಚಿದ್ದರು.

“ಇದನ್ನ ಬ್ಯಾಗಲ್ಲಿ ಹಾಕಮ್ಮ. ಚಪ್ಪಲಿ ಮೊದಲನೇ ಸುತ್ತಲ್ಲೇ ಇಳ್ಕೊಂಡಿರ್ಲಿ. ನನ್ನ ಯಾರಾದ್ರೂ ಎತ್ಕೊಂಡು ಬಂದ್ರೂ ಬರಿಗಾಲಲ್ಲಿ ನಿಲ್ಲೋ ಹಾಗಾಗ್ಬಾರ್ದು.”

ನನಗೆ ಬೆನ್ನು ನೋಯುತ್ತಿತ್ತು. ನೂರಾ ನಲವತ್ತು ಪೆಟ್ಟಿಗೆ ಕಟ್ಟಿ ಬಂದಿದ್ದೆ. “ಸೀಲು ಹಾಕಿಬಿಟ್ಟಿದಾರಲ್ಲ ಅತ್ತೆ. ತೂಕ ಬೇರೆ ಸರಿಯಾಗಿ ಹನ್ನೆರಡಿದೆ. ಇನ್ನು ಜಾಗ ಇಲ್ಲ. ಆಮೇಲೆ ನೋಡೋಣ” ಎಂದೆ.

“ಹೌದಾ? ಸರಿ ಬಿಡು” ಎಂದು ಅತ್ತೆ ಚಪ್ಪಲಿಯನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದರು.

ಮೂಲೆಯಲ್ಲಿ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: “ಅಮ್ಮಾ, ಅದರಲ್ಲಿ ಎರಡು ಕಿಲೋ ಕಬ್ಬಿಣ ಇದೆ.”

ಅಷ್ಟೇ ಹೇಳಿದ್ದು. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ.

ಗೋದಾಮಿನಲ್ಲಿ ದೊಡ್ಡ ಕನ್ನಡಿ, ಗಾಜಿನ ಕಪಾಟು ಇಂಥವನ್ನು ಮಹಡಿಯಿಂದ ಇಳಿಸಲು ಒಂದು ಸಾಧನವಿದೆ. ನಾವದನ್ನು ಹೆಗಲುಪಟ್ಟಿ ಅನ್ನುತ್ತೇವೆ. ಇಬ್ಬರು ಹೆಗಲಿಗೆ ಹಾಕಿಕೊಳ್ಳುವ ಅಗಲ ಪಟ್ಟಿ, ನಡುವಿನ ಭಾಗ ಸಾಮಾನಿನ ಅಡಿಗೆ ಹೋಗುತ್ತದೆ. ಭಾರವೆಲ್ಲ ಹೆಗಲ ಮೇಲೆ, ಕೈ ಬರೀ ಹಿಡಿತಕ್ಕೆ. ಎತ್ತರದವರು ಕೆಳಗೆ, ಕುಳ್ಳರು ಮೇಲೆ. ಇಬ್ಬರು ನೂರು ಕಿಲೋ ಇಳಿಸುತ್ತೇವೆ, ಒಂದು ಗೀರೂ ಬೀಳುವುದಿಲ್ಲ. ಹನ್ನೊಂದು ವರ್ಷದಿಂದ ಜನರ ಕಪಾಟು ಇಳಿಸಿದ ನನಗೆ, ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಈ ಪಟ್ಟಿಯ ನೆನಪಾಗಿರಲಿಲ್ಲ. ಅತ್ತೆಯನ್ನು ಸಾಮಾನು ಎಂದು ಯೋಚಿಸಲು ಮನಸ್ಸು ಬಂದಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಯೋಚಿಸಿಯೇ ಇರಲಿಲ್ಲ.

ಮೇಲ್ವಿಚಾರಕರನ್ನು ಕೇಳಿ, ಗೇಟಿನಲ್ಲಿ ಚೀಟಿ ಬರೆಸಿ, ಶುಕ್ರವಾರ ಪಟ್ಟಿ ಮನೆಗೆ ತಂದೆ. ನಮ್ಮವರು ಅದನ್ನು ಎಳೆದು ನೋಡಿ, “ಇದೇ ನನ್ನ ಲಿಫ್ಟಿಗಿಂತ ವಾಸಿ” ಎಂದರು. ಶನಿವಾರ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಅರ್ಧ ಮಹಡಿ ಇಳಿಸಿ ಹತ್ತಿಸಿದೆವು. ಅವಳಿಗೆ ನಗು, ನಮ್ಮವರಿಗೆ ಬೆವರು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. “ನನ್ನ ಬೀಳಿಸ್ಬಿಟ್ರೆ?”

“ನಾನು ಇಳಿಸಿದ್ದು ಯಾವ್ದೂ ಇವತ್ತಿನವರೆಗೆ ಒಡೆದಿಲ್ಲ ಅತ್ತೆ.”

“ಅದೆಲ್ಲಾ ಹೊಸ ಸಾಮಾನಲ್ವೇನೇ? ನಾನು ಆಗಲೇ ಬಿರುಕು ಬಿಟ್ಟಿದೀನಿ.”

ಭಾನುವಾರ ಹನ್ನೊಂದಕ್ಕೆ ಸೀಟಿ ಮೊಳಗಿತು. ಮೂರೂ ಮೆಟ್ಟಿಲಲ್ಲಿ ಬಾಗಿಲುಗಳು ದಡಬಡ ಸದ್ದು ಮಾಡಿದವು. ಅತ್ತೆ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹತ್ತೂವರೆಯಿಂದಲೇ ಕುರ್ಚಿಯಲ್ಲಿ ಕೂತಿದ್ದರು. ಅವರ ಸೊಂಟವನ್ನು ಕುರ್ಚಿಗೆ ಸೇರಿಸಿ ಹಾಸಿಗೆಯ ಹೊದಿಕೆ ಕಟ್ಟಿದೆ, ಗಂಟು ಎಳೆದು ನೋಡಿದೆ. ಕುರ್ಚಿಯಡಿ ಪಟ್ಟಿ, ನಮ್ಮವರು ಕೆಳಗೆ, ನಾನು ಮೇಲೆ.

“ಬ್ಯಾಗು?” ಎಂದಳು ಮಗಳು. ಒಂದು ಸಲ ಎತ್ತಲು ನೋಡಿದಳು. ಹನ್ನೆರಡು ಕಿಲೋ ಮೊಳೆಯಿಂದ ಅಲುಗಲಿಲ್ಲ.

ಮಗಳಿಗೆ ಎತ್ತಲಾಗದು, ನಮ್ಮಿಬ್ಬರ ಹೆಗಲೂ ಖಾಲಿಯಿಲ್ಲ. ಒಂದು ವಾರ ಟೇಪು ಸುತ್ತಿ, ತೂಗಿಸಿ, ಸೀಲು ಹಾಕಿಸಿದ ಬ್ಯಾಗನ್ನು ಹೊರುವವರು ಯಾರು ಎಂದು ನಾವ್ಯಾರೂ ಕೇಳಿಕೊಂಡೇ ಇರಲಿಲ್ಲ.

“ಬಿಡು ಅದನ್ನ. ನೀನು ಮುಂದೆ ಹೋಗಿ ದಾರಿ ಬಿಡಿಸು” ಎಂದೆ.

ಮೊದಲ ತಿರುವಿನಲ್ಲೇ ಮೂರನೇ ಮಹಡಿಯವರ ಗುಂಪು ಬ್ಯಾಗು ಹೊತ್ತು ಸಿಕ್ಕಿಹಾಕಿಕೊಂಡಿತ್ತು. ಕಬ್ಬಿಣದ ವಿದ್ಯೆ ನಮ್ಮವರೊಬ್ಬರಿಗೇ ಗೊತ್ತಿದ್ದದ್ದಲ್ಲ ಎಂದು ಆಗ ತಿಳಿಯಿತು. ಒಬ್ಬರ ಬ್ಯಾಗಿನಿಂದ ಇಟ್ಟಿಗೆಯ ಪುಡಿ ಉದುರುತ್ತಿತ್ತು, ಇನ್ನೊಬ್ಬರದರಲ್ಲಿ ವ್ಯಾಯಾಮದ ಗುಂಡು ಡಬ್ ಡಬ್ ಅನ್ನುತ್ತಿತ್ತು. ಬಾಯಿಗೆ ಅಭ್ಯಾಸವಾದದ್ದು ತಾನಾಗಿ ಬಂತು. ಗೋದಾಮಿನಲ್ಲಿ ಕೂಗುವ ಹಾಗೆ, “ಗಾಜು! ಗಾಜು! ಗೋಡೆಗೆ ಸರೀರಿ, ಗಾಜು!” ಎಂದು ಕೂಗಿದೆ. ಎಲ್ಲರೂ ಗೋಡೆಗೆ ಅಂಟಿಕೊಂಡರು.

“ಯಾರೇ ಗಾಜು?” ಎಂದರು ಅತ್ತೆ, ಕುರ್ಚಿಯ ಕೈ ಬಿಗಿಹಿಡಿದು.

“ಸುಮ್ನೆ ಕೂತ್ಕೊಳ್ಳಿ ಅತ್ತೆ. ಒಂದು... ಎರಡು... ಕೂರಿಸಿ. ಉಸಿರು ತಗೊಳ್ಳಿ ರೀ.”

ಎರಡನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು ಬ್ಯಾಗು ಅಪ್ಪಿಕೊಂಡು ತಮ್ಮ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಆತುರದಲ್ಲಿ ಬಾಗಿಲು ಎಳೆದುಕೊಂಡಿದ್ದರು. ಸ್ನಾನಕ್ಕೆ ಹೋಗಿದ್ದ ಹೆಂಡತಿ ಒಳಗೇ ಉಳಿದಿದ್ದರು. ಅವರ ಬಾಗಿಲಿಗೆ ಒಳಗಿನಿಂದಲೂ ಕೀಲಿಕೈ ಬೇಕು. ಕೀಲಿಕೈ ನೋಟೀಸಿನ ಹದಿನೇಳನೇ ಸಾಮಾನು, ಸೀಲು ಹಾಕಿದ ಬ್ಯಾಗಿನ ತಳದಲ್ಲಿ.

“ರೀ, ಬಾಗಿಲು ತೆಗೀರೀ!” ಎಂದು ಒಳಗಿನಿಂದ ಬಡಿತ.

“ಒಂದ್ನಿಮಿಷ ಇರೇ, ಸೀಲ್ ಒಡೀಬಹುದಾ ಅಂತ ಕೆಳಗೆ ಕೇಳ್ಕೊಂಡು ಬರ್ತೀನಿ!” ಎಂದು ಡಾಕ್ಟರು ನಮ್ಮನ್ನು ದಾಟಿ ಓಡಿದರು.

“ಇವ್ರ ಹೆಂಡ್ತಿ ಯಾವ ಸುತ್ತು?” ಎಂದರು ಅತ್ತೆ. ನಗು ಬಂದು ನನ್ನ ಕಾಲು ನಡುಗಿತು, ಕೆಳಗಿನಿಂದ ನಮ್ಮವರು “ನಗಿಸ್ಬೇಡಮ್ಮಾ, ಬಿದ್ದೋಗ್ತೀವಿ” ಎಂದು ಗದರಿದರು.

ಕೊನೆಯ ಮೆಟ್ಟಿಲು ಇಳಿದು ಕುರ್ಚಿಯನ್ನು ಅಂಗಳದಲ್ಲಿ ಕೂರಿಸಿದಾಗ ಹನ್ನೊಂದೂ ಹತ್ತು. ಸಾಲಾಗಿ ನಿಂತವರೆಲ್ಲ ನಮ್ಮನ್ನೇ ನೋಡಿದರು. ಸೀಟಿ ಮೇಷ್ಟ್ರು ಫೈಲು ಹಿಡಿದು ಬಂದರು. ಅವರು ಅತ್ತೆಯನ್ನು ನೋಡಿದರು, ಫೈಲು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು.

“ಇವ್ರು ಎರಡನೇ ಸುತ್ತಲ್ವಾ? ಈಗ ಬರೋ ಹಾಗಿಲ್ವಲ್ಲ. ನನ್ನ ಲೆಕ್ಕದಲ್ಲಿ ಇವ್ರು ಮೇಲಿದಾರೆ.”

“ಮೇಲೆ ಹೋಗೋಕೆ ಇನ್ನೂ ಟೈಮಿದೆ ಮೇಷ್ಟ್ರೇ” ಎಂದರು ಅತ್ತೆ. “ಅಯ್ಯೋ, ನಿಮಗೆ ಮೀಸೆ ಬೇರೆ ಇದೆಯಾ? ಮೇಲಿಂದ ಕಾಣ್ತಾನೇ ಇರ್ಲಿಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಬ್ಯಾಗೆಲ್ಲಿ?”

“ಅದಕ್ಕೆ ಮಂಡಿನೋವು. ಇಳಿಯೋಕಾಗಲ್ಲ ಅಂತು” ಎಂದರು ನಮ್ಮವರು, ಹೆಗಲ ಮೇಲಿನ ಪಟ್ಟಿ ಬಿಚ್ಚುತ್ತ.

ಮೇಷ್ಟ್ರು ಬರೆದದ್ದನ್ನು ನಾನು ಬಗ್ಗಿ ನೋಡಿದೆ. ಜನ: ನಾಲ್ಕು. ಬ್ಯಾಗು: ಗೈರುಹಾಜರು. ಸಮಯ: ಹತ್ತು ನಿಮಿಷ. ಫಲಿತಾಂಶ: ಫೇಲು. ಡಾಕ್ಟರ ಮನೆಯ ಸಾಲಿನಲ್ಲಿ ಜನರ ಕಡೆ ಒಂದು ಕಡಿಮೆ, ಬ್ಯಾಗು ಹಾಜರು, ಸೀಲು ಭದ್ರ, ಸಮಯ ಮೂರು ನಿಮಿಷ ಐವತ್ತು ಸೆಕೆಂಡು. ಪಾಸು. ಮೇಲಿನಿಂದ ಬಾಗಿಲು ಬಡಿಯುವ ಸದ್ದು ಇನ್ನೂ ಕೇಳುತ್ತಿತ್ತು.

ನಮ್ಮಿಂದಾಗಿ ಮೆಟ್ಟಿಲಿಗೆ ಕೆಂಪು ಫಲಕ ಬಂತೆಂದು ಸಾಲಿನಲ್ಲಿ ಗೊಣಗಾಟ ಎದ್ದಿತು. ಒಂದು ವಾರ ಹಿಂದಾಗಿದ್ದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಈಗ ಹೆಗಲು ಎಷ್ಟು ನೋಯುತ್ತಿತ್ತೆಂದರೆ ಕಿವಿಯ ಕಡೆ ಗಮನವೇ ಹೋಗಲಿಲ್ಲ.

“ತಾಲೀಮು ಮುಗೀತು. ಎಲ್ಲಾ ಅವರವರ ಮನೆಗೆ!” ಎಂದು ಮೇಷ್ಟ್ರು ಉದ್ದಕ್ಕೆ ಸೀಟಿ ಊದಿದರು.

ಅತ್ತೆ ಸೊಂಟದ ಹೊದಿಕೆ ಬಿಚ್ಚಿಸಿಕೊಂಡು, ಕೋಲೂರಿ ಎದ್ದರು. ಚಪ್ಪಲಿಯನ್ನು ನೆಲಕ್ಕೆ ಎರಡು ಸಲ ಉಜ್ಜಿದರು. ಮೊಮ್ಮಗಳ ಕೈ ಹಿಡಿದು ಮೆಲ್ಲಗೆ ಗೇಟಿನ ಕಡೆ ಹೆಜ್ಜೆ ಹಾಕಿದರು. ಗೇಟು ದಾಟಿದರು.

“ಅಜ್ಜೀ, ಎಲ್ಲಿಗೆ? ಸೀಟಿ ಆಯ್ತು, ಮೇಲಕ್ಕೆ ಹೋಗ್ಬೇಕು!”

ಅತ್ತೆ ತಿರುಗಿ ನೋಡಲಿಲ್ಲ. ಕೋಲಿದ್ದ ಕೈಯನ್ನೇ ಸ್ವಲ್ಪ ಎತ್ತಿ ಆಡಿಸಿದರು. “ನೀವು ನಡೀರಿ ಮೇಷ್ಟ್ರೇ. ನಾನು ಎರಡನೇ ಸುತ್ತಲ್ಲಿ ಬರ್ತೀನಿ.”

ಅಂಗಳ ಖಾಲಿಯಾಯಿತು. ನಮ್ಮವರು ಲಿಫ್ಟಿನ ಸರಪಳಿಯ ಮುಂದೆ ನಿಂತು ತಲೆ ವಾರೆ ಮಾಡಿ ನೋಡುತ್ತಿದ್ದರು. ಹದಿನಾಲ್ಕು ತಿಂಗಳಲ್ಲಿ ಅವರನ್ನು ಎಷ್ಟೋ ಸಲ ಹಾಗೆ ನೋಡಿದ್ದೆ. ಈ ಸಲ ಅಂಗಿಯ ತೋಳು ಮೇಲಕ್ಕೆ ಮಡಿಸಿದ್ದರು.

“ಸರಪಳಿ ಕೊಂಡಿಗೆ ಬರೀ ಎರಡು ಸ್ಕ್ರೂ ಕಣೇ.”

“ಕರಾರು ಮುರಿಯುತ್ತೆ ಅಂತಾರಲ್ರೀ.”

“ಹೆಂಗೂ ಫೇಲಾಗಿದೀವಲ್ಲ. ಇನ್ನೆಷ್ಟು ಕೆಂಪು ಮಾಡ್ತಾರೆ? ನನ್ನ ಚೀಲ ಆಫೀಸಲ್ಲೇ ಉಳೀತು. ಸ್ಕ್ರೂಡ್ರೈವರೂ ಸ್ಪ್ಯಾನರೂ ಬ್ಯಾಗಲ್ಲಿವೆ, ತಗೊಂಡ್ ಬಾ.”

ನಾಲ್ಕು ಮಹಡಿ ಹತ್ತಿದೆ. ಎರಡನೇ ಮಹಡಿಯಲ್ಲಿ ಡಾಕ್ಟರು ಕೊನೆಗೂ ಸೀಲು ಒಡೆಯುತ್ತಿದ್ದರು. ನಮ್ಮ ಬ್ಯಾಗು ಮೊಳೆಗೆ ನೇತಾಡುತ್ತಿತ್ತು, ಬಾಣ ಮೇಲ್ಮುಖವಾಗಿ. ಮೇಷ್ಟ್ರ ಸೀಲನ್ನು ಉಗುರಿನಲ್ಲೇ ಕಿತ್ತೆ. ಅದು ಬರೀ ಅಂಟಿನ ಕಾಗದ. ಟೇಪು ಹಾಗಲ್ಲ. ಕತ್ತರಿ ಬೇಕಿತ್ತು, ಕತ್ತರಿ ಒಳಗಿತ್ತು. ನನ್ನ ಕೈಕೆಲಸಕ್ಕೆ ನಾನೇ ಶಾಪ ಹಾಕುತ್ತ ಚಾಕು ತಂದು ಗೀರಿದೆ, ಎಳೆದೆ, ಹಲ್ಲಿನಲ್ಲಿ ಕಚ್ಚಿದೆ. ಹನ್ನೊಂದು ನಿಮಿಷ ಹಿಡಿಯಿತು. ನಿಜವಾದ ಬೆಂಕಿಯಾಗಿದ್ದರೆ ನಾನು ಟೇಪಿನ ಸಮೇತ ಬೂದಿ. ಮೊದಲು ಕೈಗೆ ಬಂದದ್ದು ಕಬ್ಬಿಣದ ತುಂಡು. ಅದನ್ನು ಬಾಗಿಲ ಮೂಲೆಗೆ ಎಸೆದೆ.

ಉಪಕರಣ ಹಿಡಿದು ಎದ್ದವಳು ಸುಮ್ಮನೆ ಬಾಲ್ಕನಿಗೆ ಹೋದೆ. ಕುರ್ಚಿಯಿದ್ದ ಜಾಗ ಖಾಲಿ, ನಾಲ್ಕು ಕಾಲಿನ ಗುರುತು ಧೂಳಿನಲ್ಲಿ ದುಂಡಗೆ ಉಳಿದಿತ್ತು. ಕೆಳಗೆ ರಸ್ತೆಯಲ್ಲಿ ಜನ ಹೋಗಿಬಂದು ಮಾಡುತ್ತಿದ್ದರು. ಮೇಲಿನಿಂದ ಎಲ್ಲರೂ ಒಂದೇ ಥರ, ಬರೀ ತಲೆಗಳು. ಸ್ವಲ್ಪ ಹೊತ್ತು ಹುಡುಕಿದೆ. ಆಮೇಲೆ ರಸ್ತೆಯ ಆಚೆ ಬದಿಯಲ್ಲಿ ಕಂಡಿತು. ಬಾಚಿದ ಬಿಳಿ ಕೂದಲು, ನಡುವೆ ಬೈತಲೆ ಗೆರೆ, ಪಕ್ಕದಲ್ಲಿ ಎರಡು ಜಡೆ. ಬಿಳಿ ತಲೆ ಪ್ರತಿ ಅಂಗಡಿಯ ಮುಂದೂ ನಿಲ್ಲುತ್ತಿತ್ತು, ಯಾರ ಮುಖವನ್ನೋ ಎತ್ತಿ ನೋಡುತ್ತಿತ್ತು, ಮತ್ತೆ ಮುಂದಕ್ಕೆ ಹೋಗುತ್ತಿತ್ತು. ವಾಪಸು ಬರುವ ಯಾವ ಲಕ್ಷಣವೂ ಇರಲಿಲ್ಲ.

“ಸಿಕ್ತಾ?” ಎಂದು ಲಿಫ್ಟಿನ ಕೊಳವೆಯೊಳಗಿನಿಂದ ನಮ್ಮವರ ದನಿ ಮೇಲೆ ಬಂತು.

“ಸಿಕ್ತು. ಬಂದೆ” ಎಂದೆ. ಬಿಸ್ಕತ್ತಿನ ಪೊಟ್ಟಣವನ್ನೂ ಕೈಗೆತ್ತಿಕೊಂಡೆ. ಅರ್ಧ ಗಂಟೆ ಕೆಲಸ ಎಂದು ಅವರು ಹೇಳಿದರೆ ಒಂದೂವರೆ ಗಂಟೆಯಂತೂ ಆಗುತ್ತದೆ. ಅತ್ತೆ ಬರುವಷ್ಟರಲ್ಲಿ ಹಸಿದಿರುತ್ತಾರೆ.